ಗುರುತಿಲ್ಲದ ಕಾರ್ಡು

ನಮ್ಮದು ಅನುಮಾನದ ಮನೆ. ಬೇಸರದಿಂದ ಹೇಳುತ್ತಿಲ್ಲ. ಕೆಲವರು ತಮ್ಮದು ಸಂಗೀತದ ಮನೆ, ಪೈಲ್ವಾನರ ಮನೆ ಎಂದು ಹೇಳಿಕೊಳ್ಳುವುದಿಲ್ಲವೇ, ಹಾಗೆ. ಹಾಲಿನವಳು ಅಳೆಯುವಾಗ ಅವ್ವನ ಕಣ್ಣು ಹಾಲಿನ ಮೇಲೆ ಇರುತ್ತಿರಲಿಲ್ಲ, ಅವಳ ಹೆಬ್ಬೆರಳು ಪಾವಿನೊಳಗೆ ಎಷ್ಟು ಮುಳುಗಿದೆ ಎಂಬುದರ ಮೇಲೆ ಇರುತ್ತಿತ್ತು. ಗಿರಣಿಗೆ ಅಕ್ಕಿ ಒಯ್ದರೆ ಹಿಟ್ಟು ಬೀಳುವ ಬಾಯಿಯ ಎದುರು ಕುಕ್ಕರಗಾಲಲ್ಲಿ ಕೂತು ನೋಡಬೇಕು, ಮುಖವೆಲ್ಲ ಬೆಳ್ಳಗಾದರೂ ಏಳಬಾರದು. ನಾನೂ ಕಡಿಮೆಯವಳಲ್ಲ. ಬಸ್ಸಿನ ಕಂಡಕ್ಟರ್ ಚಿಲ್ಲರೆ ಆಮೇಲೆ ಕೊಡುತ್ತೇನೆಂದು ಟಿಕೆಟ್ಟಿನ ಹಿಂದೆ ಬರೆದರೆ, ಇಳಿಯುವ ತನಕ ಅವನ ಬೆನ್ನಿನಿಂದ ಕಣ್ಣು ತೆಗೆಯುತ್ತಿರಲಿಲ್ಲ. ಕಿಟಕಿಯಾಚೆ ಏನಿತ್ತು ಎಂದು ಕೇಳಿದರೆ ನನಗೆ ಗೊತ್ತಿಲ್ಲ.

ಶಿಕಾರಿಪುರದ ಪೇಟೆಯಲ್ಲಿ ಅಪ್ಪನದು ಪಾತ್ರೆ ಅಂಗಡಿ. ಅಂಗಡಿಯಲ್ಲಿ ಅಪ್ಪನಿಗೆ ಎಲ್ಲಕ್ಕಿಂತ ಪ್ರೀತಿಯ ವಸ್ತು ಹೆಸರು ಹಾಕುವ ಮಷಿನ್. ದಪ್ಪ ಪೆನ್ನಿನಂಥದ್ದು, ತುದಿಯಲ್ಲಿ ಸೂಜಿ, ಸ್ವಿಚ್ ಒತ್ತಿದರೆ ಗರ್ರ್ ಎಂದು ನಡುಗುತ್ತಾ ಸ್ಟೀಲಿನ ಮೇಲೆ ಅಕ್ಷರ ಕೊರೆಯುತ್ತದೆ. ಕೊಂಡವರು ತಮ್ಮ ಹೆಸರು ಹಾಕಿಸಿಕೊಂಡು ಹೋಗುವುದು ಎಲ್ಲ ಕಡೆ ಇರುವ ರೂಢಿ. ಮದುವೆ ಮನೆಗೆ ಎರವಲು ಹೋದ ಕೊಳಗ ತೊಳೆಯುವ ರಾಶಿಯಲ್ಲಿ ಬೇರೆಯವರದರ ಜೊತೆ ಬೆರೆತು, ನಂದು ನಿಂದು ಎಂದು ಜಗಳ ಬಂದರೆ, ಕಂಠದ ಕೆಳಗಿನ ಅಕ್ಷರವೇ ನ್ಯಾಯ ಹೇಳಬೇಕು. ಆದರೆ ಅಪ್ಪ ಪಾತ್ರೆಗೇ ನಿಲ್ಲಿಸಿರಲಿಲ್ಲ. ಕೊಡೆಯ ಹಿಡಿ, ಈಳಿಗೆ ಮಣೆಯ ಕಬ್ಬಿಣ, ಸೈಕಲ್ಲಿನ ಪಂಪು, ಗ್ಯಾಸ್ ಒಲೆಯ ಬರ್ನರು, ಎಲ್ಲದರ ಮೇಲೂ ನಮ್ಮ ಮನೆಯ ಮೂರು ಅಕ್ಷರ. ಕೊನೆಯ ಅಕ್ಷರದ ಕೆಳಗೆ ಕೊಕ್ಕೆಯಂಥ ಒಂದು ಸಣ್ಣ ಗೆರೆ. ಬೇರೆ ಯಾರಾದರೂ ಅವೇ ಅಕ್ಷರ ಹಾಕಿ ಮೋಸ ಮಾಡಿಯಾರು ಎಂದು ಆ ಕೊಕ್ಕೆ. ಅನುಮಾನದ ಮೇಲೊಂದು ಅನುಮಾನ.

ಇಂಥ ಮನೆಗೆ ತೊಂಬತ್ತರ ದಶಕದ ಕೊನೆಯಲ್ಲಿ ಒಂದು ಕಂಪ್ಯೂಟರ್ ಬಂತು. ಊರಿನ ಟೈಪಿಂಗ್ ಕ್ಲಾಸಿನವರು ಮುಚ್ಚಿಕೊಂಡು ಹೋಗುವಾಗ ಅಪ್ಪ ಅಂಗಡಿಯ ಲೆಕ್ಕಕ್ಕೆಂದು ಹಳೆಯದನ್ನು ಕೊಂಡಿದ್ದರು. ಲೆಕ್ಕವನ್ನು ನಾನು ಕೂಡಿಸಿಕೊಟ್ಟರೆ ಅದನ್ನೇ ಕೈಯಲ್ಲಿ ಮತ್ತೊಮ್ಮೆ ಕೂಡಿಸಿ, ಎರಡೂ ಸರಿಬಂದರೆ ಯಂತ್ರದ್ದು ಈ ಸಲ ಹೇಗೋ ಸರಿಹೋಯಿತು ಎನ್ನುತ್ತಿದ್ದರು. ಕೆಲವೇ ತಿಂಗಳಲ್ಲಿ ಅದು ಅಂಗಡಿ ಬಿಟ್ಟು ಮನೆಯ ನಡುಮನೆಗೆ ಬಂತು, ಮೇಲೆ ಅವ್ವನ ಕಸೂತಿಯ ಬಟ್ಟೆ ಹೊದ್ದುಕೊಂಡಿತು, ನನ್ನ ಮತ್ತು ತಮ್ಮನ ಪಾಲಾಯಿತು.

ತಮ್ಮ ಆಗ ಡಿಪ್ಲೊಮಾ ಓದುತ್ತಿದ್ದ. ಶಿವಮೊಗ್ಗದಿಂದ ಕಂಪ್ಯೂಟರ್ ಪತ್ರಿಕೆ ತರುತ್ತಿದ್ದ, ಅದರ ಜೊತೆ ಒಂದು ಸಿಡಿ ಬರುತ್ತಿತ್ತು. ಆ ಸಿಡಿಯಲ್ಲಿ ಒಂದು ಕಾರಿನ ಓಟದ ಆಟ ಸಿಕ್ಕಿತು. ಡಿಗ್ರಿ ಮುಗಿಸಿ ಗಂಡು ನೋಡುವ ಕಾಲದಲ್ಲಿ ಮನೆಯಲ್ಲಿ ಕೂತಿದ್ದ ಹುಡುಗಿ ನಾನು. ಹೊಲಿಗೆ ಕಲಿ, ರಂಗೋಲಿ ಕಲಿ ಎನ್ನುವವರ ನಡುವೆ ಕಾರು ಓಡಿಸುವುದು ಕಲಿತೆ. ನಿಜ ಹೇಳಬೇಕೆಂದರೆ ತಮ್ಮನಿಗಿಂತ ನನಗೇ ಆ ಆಟದ ಹುಚ್ಚು ಹೆಚ್ಚಾಗಿತ್ತು. ಆದರೆ ನಮ್ಮ ಕಂಪ್ಯೂಟರಿನಲ್ಲಿ ಕಾರು ಓಡುತ್ತಿರಲಿಲ್ಲ, ಕಪ್ಪೆಯ ಹಾಗೆ ಕುಪ್ಪಳಿಸುತ್ತಿತ್ತು. ರಸ್ತೆಯೆಲ್ಲ ಮಸುಕು ಮಸುಕು. ಒಂದು ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂದು ತಮ್ಮ ಪತ್ರಿಕೆ ತೋರಿಸಿ ಅಪ್ಪನ ಬೆನ್ನು ಹತ್ತಿದ.

ಅದೇ ಹೊತ್ತಿಗೆ ನನಗೆ ಸೊರಬದ ಸಂಬಂಧ ಕೂಡಿಬಂತು. ಆನವಟ್ಟಿಯಲ್ಲಿದ್ದ ನನ್ನ ಸೋದರಮಾವ ತಂದ ಸಂಬಂಧ. ಹುಡುಗನ ಮನೆ ಹೊಸಬಾಳೆಯಲ್ಲಿ, ಹೊಲ ಗದ್ದೆಯವರು. ಅವನು ಮಾತ್ರ ಸೊರಬದಲ್ಲಿ ಕಂಪ್ಯೂಟರ್ ಜೋಡಿಸಿ ಮಾರುವ ಅಂಗಡಿ ಇಟ್ಟುಕೊಂಡಿದ್ದ. ಅಪ್ಪನಿಗೆ ಮನೆತನ ಹಿಡಿಸಿತು, ಅಂಗಡಿ ಹಿಡಿಸಲಿಲ್ಲ. ತಕ್ಕಡಿಗೆ ಹಾಕಿ ತೂಗಲಾಗದ ಸಾಮಾನು ಮಾರುವವನನ್ನು ಹೇಗೆ ನಂಬುವುದು ಎಂದರು. ಕೊನೆಗೆ ಮಾವ ಹೊಣೆ ನಿಂತಮೇಲೆ ಮದುವೆ ನಿಶ್ಚಯಿಸುವ ವೀಳ್ಯದ ಶಾಸ್ತ್ರ ಆಯಿತು. ಶಾಸ್ತ್ರದ ದಿನ ಹುಡುಗ ನನ್ನನ್ನು ಒಂದೇ ಪ್ರಶ್ನೆ ಕೇಳಿದ್ದ, ಬಿಡುವಿನಲ್ಲಿ ಏನು ಮಾಡುತ್ತೀರಿ ಎಂದು. ಕಾರು ಓಡಿಸುತ್ತೇನೆ ಎಂದುಬಿಟ್ಟೆ. ಅವನ ಕಡೆಯ ಹೆಂಗಸರು ಗಾಬರಿಯಾದರು. ಅವನೊಬ್ಬನಿಗೆ ಅರ್ಥವಾಗಿ ನಕ್ಕ. ಆ ನಗು ನನಗೆ ಬಹಳ ಇಷ್ಟವಾಯಿತು. ಆಮೇಲೆ ಇಷ್ಟು ಬೇಗ ಇಷ್ಟವಾಗುವುದು ಸರಿಯೇ ಎಂದು ನನ್ನ ಮೇಲೇ ನನಗೆ ಅನುಮಾನ ಬಂತು.

ಬಸವ ಜಯಂತಿಗೆ ಹೊಸ ಅಳಿಯನಾಗುವವನನ್ನು ಹೋಳಿಗೆ ಊಟಕ್ಕೆ ಕರೆದರು. ಊಟವಾದ ಮೇಲೆ ತಮ್ಮ ಸುಮ್ಮನಿರದೆ ಕಂಪ್ಯೂಟರಿನ ಡಬ್ಬಿ ಬಿಚ್ಚಿ ಅವನ ಮುಂದಿಟ್ಟ. ಅಪ್ಪ ಕುರ್ಚಿ ಎಳೆದುಕೊಂಡು, ಅಕ್ಕಸಾಲಿಯ ಎದುರು ಕೂರುವ ಹಾಗೆ, ಅವನ ಎರಡೂ ಕೈ ಕಾಣುವಂತೆ ಕೂತರು. ಹುಡುಗ ಒಳಗೆ ಬಗ್ಗಿ ನೋಡಿ, ಧೂಳು ಊದಿ, ತಮ್ಮನ ಪತ್ರಿಕೆಯಲ್ಲಿದ್ದ ಕಾರ್ಡಿನ ಚಿತ್ರವನ್ನೂ ನೋಡಿ, ನಿಧಾನವಾಗಿ ಹೇಳಿದ.

"ಇದ್ರಲ್ಲಿರೋ ಪ್ರೊಸೆಸರ್ ಹಳೇದು. ಇಷ್ಟು ದೊಡ್ಡ ಕಾರ್ಡ್ ಹಾಕಿದ್ರೆ ಅದು ಸುಮ್ನೆ ಕಾಯ್ತಾ ಕೂತಿರತ್ತೆ ಅಷ್ಟೆ. ಸಣ್ಣ ಕಾರ್ಡ್ ತಗಂಡು, ಉಳಿದಿದ್ರಲ್ಲಿ ಪ್ರೊಸೆಸರ್ ಬದಲಾಯ್ಸದು ಒಳ್ಳೇದು. ಎರಡೂ ಒಂದಕ್ಕೊಂದು ತಕ್ಕಂಗೆ ಇರ್ಬೇಕು."

ತಮ್ಮ ಒಪ್ಪಲಿಲ್ಲ. ಆಗ ಅವನು ಬಿಡಿಸಿ ಹೇಳಿದ. ಆಟದಲ್ಲಿ ಯಾವ ಕಾರು ಎಲ್ಲಿದೆ, ಯಾವುದು ಯಾವುದಕ್ಕೆ ಗುದ್ದಿತು, ಈ ಲೆಕ್ಕವನ್ನೆಲ್ಲ ಪ್ರೊಸೆಸರ್ ಮಾಡುತ್ತದೆ. ಅದು ಹೇಳಿದ ಮೇಲೆ ಕಾರ್ಡು ಚಿತ್ರ ಬರೆಯುತ್ತದೆ. ಹೇಳುವವನು ತಡವರಿಸಿದರೆ ಬರೆಯುವವನು ಎಷ್ಟು ಚುರುಕಾಗಿದ್ದರೂ ಪ್ರಯೋಜನವಿಲ್ಲ. ಬಾಗಿಲ ಹಿಂದೆ ನಿಂತಿದ್ದ ನನಗೆ ಇದು ಸರಿ ಎನ್ನಿಸಿತು. ಅವ್ವನಿಗೂ ಅರ್ಥವಾಗಿ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದ ಹಾಗೆ ಎಂದಳು.

ಹುಡುಗ ಬಸ್ಸು ಹತ್ತಿದ ಮೇಲೆ ಅಪ್ಪ ಬಾಯಿ ಬಿಚ್ಚಿದರು.

"ಒಂದು ಕೇಳಿದ್ರ ಎರಡು ಮಾರ್ತಾನ. ಲೋಟ ಕೇಳಾಕ ಬಂದೋರಿಗೆ ತಂಬಿಗಿ ತೋರ್ಸೋದು ನನಗ ಗೊತ್ತಿಲ್ಲೇನು?"

ಹಾವಿನ ಹೆಜ್ಜೆ ಹಾವೇ ಬಲ್ಲದು. ಅಪ್ಪ ಇಪ್ಪತ್ತೈದು ವರ್ಷ ಗಲ್ಲಾದ ಮೇಲೆ ಕೂತು ಕಲಿತಿದ್ದ ವ್ಯಾಪಾರದ ಚಾಲಾಕನ್ನೆಲ್ಲ ಆ ಹುಡುಗನ ಮುಖದಲ್ಲಿ ಹುಡುಕಿ ಕಂಡುಕೊಂಡಿದ್ದರು. ಬೀಗರ ಹತ್ತಿರ ವ್ಯಾಪಾರ ಬೇಡ ಎಂದು ಅವ್ವ ಹೇಳಿದಳು. ಅಪ್ಪ ಕೇಳಲಿಲ್ಲ. ಪತ್ರಿಕೆಯಲ್ಲಿರುವ ದೊಡ್ಡ ಕಾರ್ಡೊಂದನ್ನೇ ಕಳಿಸಲಿ, ಪ್ರೊಸೆಸರು ಗಿಸೆಸರು ಬೇಡ ಎಂದು ಮಾವನ ಕೈಲಿ ಹೇಳಿಕಳಿಸಿದರು.

ಕಾರ್ಡು ಬಂತು. ಮಾವ ಸೊರಬದಿಂದ ತನ್ನ ಬ್ಯಾಗಿನಲ್ಲಿಟ್ಟು ತಂದುಕೊಟ್ಟ. ತಮ್ಮ ಹುಡುಗನನ್ನೇ ಫೋನಿನಲ್ಲಿ ಕೇಳಿಕೊಂಡು ಹಾಕಿದ. ಆಟ ಶುರುವಾದ ಕ್ಷಣ ನಾನು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡೆ. ಮಳೆ ಬಿದ್ದ ರಸ್ತೆ ಹೊಳೆಯುತ್ತಿತ್ತು, ಕಾರಿನ ಬೆನ್ನಿನಲ್ಲಿ ಮೋಡದ ನೆರಳು ಕಾಣುತ್ತಿತ್ತು. ಗೇರು ಹಾಕಿ ಹೊರಟರೆ ಕಾರು ಮತ್ತೆ ಅದೇ ಕಪ್ಪೆ. ಒಂಟಿಯಾಗಿದ್ದಾಗ ಹೇಗೋ ಹೋಗುತ್ತಿತ್ತು. ತಿರುವಿನಲ್ಲಿ ನಾಲ್ಕು ಕಾರು ಒಟ್ಟಿಗೆ ಸಿಕ್ಕರೆ ಪರದೆ ನಿಂತೇಬಿಡುತ್ತಿತ್ತು.

ಕಾರ್ಡೇ ಖೋಟಾ ಎಂದ ತಮ್ಮ. ನಾನು ಅಂದಿದ್ದೆ ಎಂದರು ಅಪ್ಪ. ವೀಳ್ಯವಾದ ಮೇಲೆ ಮದುವೆಯ ತನಕ ಹೆಣ್ಣಿನ ಕಡೆಯವರು ಗಂಡಿನ ತಪ್ಪನ್ನು, ಗಂಡಿನ ಕಡೆಯವರು ಹೆಣ್ಣಿನವರ ತಪ್ಪನ್ನು ಎದುರೆದುರೇ ಆಡಬಾರದು ಎಂಬುದು ನಮ್ಮವರಲ್ಲಿ ಒಂದು ಮರ್ಯಾದೆ. ಏನಿದ್ದರೂ ನಡುವಿನವರ ಬಾಯಿಂದ ಹೋಗಬೇಕು. ಹಾಗಾಗಿ ದೂರು ಆನವಟ್ಟಿಗೆ ಹೋಗಿ, ಅಲ್ಲಿಂದ ಸೊರಬಕ್ಕೆ ಹೋಗಿ, ಉತ್ತರ ಅದೇ ದಾರಿಯಲ್ಲಿ ಬಂತು. ಆಟದೊಳಗೆ ಚಿತ್ರದ ಅಳತೆ ಚಿಕ್ಕದು ಮಾಡಿ ನೋಡಲಿ. ವೇಗ ಹೆಚ್ಚಾದರೆ ಕಾರ್ಡಿನ ತಪ್ಪು. ಹೆಚ್ಚಾಗದಿದ್ದರೆ ಪ್ರೊಸೆಸರಿನದು.

ನಾನೇ ಕೂತು ಮಾಡಿ ನೋಡಿದೆ. ಚಿತ್ರ ಅರ್ಧ ಮಾಡಿದೆ, ಅದರ ಅರ್ಧ ಮಾಡಿದೆ, ಮುಂದಿನ ಕಾರಿನ ಚಕ್ರ ಚೌಕವಾಗಿ ಕಾಣುವಷ್ಟು ಕೆಡಿಸಿದೆ. ಬರೆಯುವ ಕೆಲಸ ಅಷ್ಟು ಕಡಿಮೆಯಾದರೂ ಕುಪ್ಪಳಿಸುವುದು ಒಂದು ಚೂರೂ ಬದಲಾಗಲಿಲ್ಲ. ಅಂದರೆ ಕಾರ್ಡು ಸುಮ್ಮನೆ ಕಾಯುತ್ತಿತ್ತು, ಹುಡುಗ ಹೇಳಿದ ಹಾಗೇ. ನಾನು ಸಂತೋಷದಿಂದ ಅಪ್ಪನಿಗೆ ಹೇಳಲು ಹೋದರೆ ಅವರು ನಕ್ಕುಬಿಟ್ಟರು.

"ಪರೀಕ್ಷೆ ಹೇಳಿಕೊಟ್ಟೋನೂ ಅವನ, ಪಾಸಾದೋನೂ ಅವನ."

ಆ ಮಾತು ನನ್ನೊಳಗೂ ಹೊಕ್ಕಿತು. ಎಷ್ಟಾದರೂ ಅದೇ ರಕ್ತ. ಇವನು ಯಾಕೆ ಇಷ್ಟು ಸಮಾಧಾನವಾಗಿ ಉತ್ತರ ಕೊಡುತ್ತಾನೆ? ತಪ್ಪಿಲ್ಲದವನಿಗೆ ಸಿಟ್ಟು ಬರಬೇಕಲ್ಲ? ಹೀಗೆ ಯೋಚಿಸಿ, ಸಿಟ್ಟು ಬಂದಿದ್ದರೆ ಕುಂಬಳಕಾಯಿ ಕಳ್ಳನ ಗಾದೆ ನೆನಪಿಸಿಕೊಳ್ಳುತ್ತಿದ್ದೆ ಎಂದೂ ನನಗೇ ಹೊಳೆದು, ತಲೆ ಕೆಟ್ಟು ಕಂಪ್ಯೂಟರ್ ಆರಿಸಿ ಎದ್ದೆ.

ಕೊನೆಗೆ ಅಪ್ಪ, ಕಾರ್ಡನ್ನು ಸೊರಬಕ್ಕೆ ವಾಪಸ್ಸು ಕಳಿಸೋಣ, ಅವನೇ ನೋಡಿ ಸರಿಮಾಡಿಕೊಡಲಿ ಎಂದರು. ತಮ್ಮ ಬಿಚ್ಚಿಕೊಟ್ಟ. ಮಾವ ಬರುವ ತನಕ ಅದು ಅಪ್ಪನ ಅಂಗಡಿಯಲ್ಲಿತ್ತು. ಮಾವ ಒಯ್ದ. ಒಂದು ವಾರ ಬಿಟ್ಟು ಅದೇ ಬ್ಯಾಗಿನಲ್ಲಿ ತಂದ. ಹುಡುಗ ಚೆನ್ನಾಗಿ ನೋಡಿದ್ದಾನಂತೆ, ಕಾರ್ಡು ಸರಿಯಿದೆಯಂತೆ ಎಂದ. ಅಪ್ಪ ಕನ್ನಡಕ ಏರಿಸಿ, ಟ್ಯೂಬ್‌ಲೈಟಿನ ಕೆಳಗೆ ಹೋಗಿ, ಕಾರ್ಡನ್ನು ಹಿಂದುಮುಂದು ತಿರುಗಿಸಿದರು. ಮತ್ತೆ ತಿರುಗಿಸಿದರು. ಅವರ ಮುಖದಲ್ಲಿ ಸಿಟ್ಟಿಗಿಂತ ಗೆಲುವೇ ಜಾಸ್ತಿ ಇತ್ತು.

"ನಮ್ಮ ಗುರುತು ಎಲ್ಲಿ?"

ನಮಗೆ ಆಗ ಗೊತ್ತಾಯಿತು. ಕಳಿಸುವ ಮುಂಚೆ ಅಪ್ಪ ಅಂಗಡಿಯಲ್ಲಿ ಅದರ ಬೆನ್ನಿನ ಮೇಲೆ ಮಷಿನ್ನಿನಿಂದ ನಮ್ಮ ಮೂರು ಅಕ್ಷರ ಕೊರೆದಿದ್ದರು, ಕೊಕ್ಕೆ ಸಮೇತ. ಯಾರಿಗೂ ಹೇಳಿರಲಿಲ್ಲ. ಈಗ ಬಂದಿರುವ ಕಾರ್ಡಿನ ಬೆನ್ನು ನುಣ್ಣಗಿತ್ತು. ಅಂದರೆ ಹೋದದ್ದು ಒಂದು, ಬಂದದ್ದು ಇನ್ನೊಂದು. ನಮ್ಮ ಹೊಸದನ್ನು ಇಟ್ಟುಕೊಂಡು ಯಾವುದೋ ಹಳೆಯದನ್ನು ಕಳಿಸಿದ್ದಾನೆ. ಒಂದು ಕಾರ್ಡಿಗೆ ಆಸೆ ಪಟ್ಟವನು ನಾಳೆ ಮಗಳ ಮೈಮೇಲಿನ ಬಂಗಾರ ಬಿಟ್ಟಾನೆಯೇ ಎಂದರು. ಮಾವ, ನನ್ನ ಬ್ಯಾಗು ನನ್ನ ತೊಡೆ ಬಿಟ್ಟು ಇಳಿದಿಲ್ಲ ಭಾವ ಎಂದ. ಅಪ್ಪ ಒಂದು ಗಳಿಗೆ ಮಾವನನ್ನೂ, ಅವನ ಬ್ಯಾಗನ್ನೂ ನೋಡಿದ ರೀತಿಗೆ ಅವ್ವ ಎದ್ದು ಒಳಗೆ ಹೋದಳು. ಬರುವ ಸೋಮವಾರ ಹಿರಿಯರನ್ನು ಕರೆದುಕೊಂಡು ಹೋಗಿ ವೀಳ್ಯ ಹಿಂದಿರುಗಿಸುವುದು ಎಂದು ಅಪ್ಪ ತೀರ್ಮಾನ ಹೇಳಿದರು.

ನನಗೆ ಅಳು ಬರಲಿಲ್ಲ, ಕೋಪ ಬಂತು. ಯಾರ ಮೇಲೆ ಎಂದು ಗೊತ್ತಾಗದ ಕೋಪ. ಅಪ್ಪನ ಹತ್ತಿರ ಹೋಗಿ ಗುರುತು ಎಲ್ಲಿ ಹಾಕಿದ್ದಿರಿ, ಎಷ್ಟು ಒತ್ತಿದ್ದಿರಿ ಎಂದು ಕೇಳಿದೆ. ಬೆನ್ನಲ್ಲಿ ಹಸಿರಾಗಿ ನುಣ್ಣಗಿರುವ ಜಾಗದಲ್ಲಿ, ಅಳಿಸಿಹೋಗದ ಹಾಗೆ ಎಂದರು. ಆ ನುಣುಪಿನ ಕೆಳಗೆ ಕೂದಲಿನಷ್ಟು ತೆಳುವಾದ ಗೆರೆಗಳಿವೆ, ಅವೇ ಅದರ ವೈರುಗಳು, ಸೂಜಿ ತಾಗಿದರೆ ಕತ್ತರಿಸಿಹೋಗುತ್ತವೆ ಎಂದೆ.

"ಪಾತ್ರೆಗೆ ಹೆಸರು ಹಾಕಿದ್ರ ಪಾತ್ರೆ ತೂತು ಬೀಳ್ತತೇನು?" ಎಂದರು.

ಈಗ ನನಗೆ ಎರಡು ಅನುಮಾನ. ಅಪ್ಪನ ಸೂಜಿ ಕಾರ್ಡನ್ನು ಕೊಂದಿರಬಹುದು. ಹುಡುಗ ಅದಕ್ಕೆ ಬದಲು ಬೇರೆ ಕಳಿಸಿರಬಹುದು. ಹಾಗಾಗಿದ್ದರೆ ಒಂದು ಮಾತು ಹೇಳಲು ಏನು ಧಾಡಿ? ಹೇಳದೆ ಬದಲಾಯಿಸುವವನು ಒಳ್ಳೆಯದಕ್ಕೆ ಬದಲಾಯಿಸಿದರೂ ಕಳ್ಳನ ಹಾಗೇ ಕಾಣುತ್ತಾನೆ. ಇಲ್ಲವೇ ಅಪ್ಪನ ಮಾತೇ ಸರಿ, ಅವನು ಕಳ್ಳನೇ. ಎರಡರಲ್ಲಿ ಯಾವುದು ನಿಜವೋ ತಿಳಿಯದೆ ಸೋಮವಾರ ಬಂದುಬಿಟ್ಟರೆ ನನ್ನ ಜನ್ಮ ಪೂರ್ತಿ ಆ ನಗುವಿನ ಬಗ್ಗೆ ಅನುಮಾನ ಪಡುತ್ತಾ ಕಳೆಯಬೇಕಿತ್ತು. ನನಗೆ ಅವನು ಬೇಕಾಗಿದ್ದ. ಕಳ್ಳನಾಗಿದ್ದರೆ ಬೇಡವಾಗಿದ್ದ. ಇಷ್ಟೇ.

ಅವ್ವ ದಾರಿ ಮಾಡಿದಳು. ಚಂದ್ರಗುತ್ತಿ ಬೆಟ್ಟದ ದೇವಿಗೆ ಹರಕೆ ಇದೆ, ಮದುವೆ ಮಾತು ಮುರಿಯುವ ಮುಂಚೆ ತೀರಿಸದಿದ್ದರೆ ಒಳ್ಳೆಯದಲ್ಲ ಎಂದಳು. ಅಪ್ಪ ಎಲ್ಲರನ್ನೂ ಅನುಮಾನಿಸುತ್ತಿದ್ದರು, ದೇವರನ್ನು ಮಾತ್ರ ಬಿಟ್ಟಿದ್ದರು. ಅವ್ವನೂ ನಾನೂ ಶಿರಾಳಕೊಪ್ಪದ ಮೇಲೆ ಹಾದು, ಅದೇ ದಾರಿಯಲ್ಲಿರುವ ಸೊರಬದಲ್ಲಿ ಇಳಿದೆವು. ಅಂದು ಕಂಡಕ್ಟರ್ ಚಿಲ್ಲರೆ ಕೊಟ್ಟನೋ ಇಲ್ಲವೋ, ನಾನು ನೋಡಲಿಲ್ಲ.

ಅವನ ಅಂಗಡಿ ಬಸ್‌ಸ್ಟ್ಯಾಂಡಿಗೆ ಹತ್ತಿರವೇ ಇತ್ತು. ಚಿಕ್ಕ ಕೋಣೆ, ಬಾಯಿ ಬಿಚ್ಚಿದ ಡಬ್ಬಿಗಳು, ಊದುಬತ್ತಿಯ ವಾಸನೆ. ನಮ್ಮನ್ನು ಕಂಡು ಗಡಬಡಿಸಿ ಎದ್ದ. ಅವ್ವ ಹೊರಗಿನ ಬೆಂಚಿನ ಮೇಲೆ ರಸ್ತೆಗೆ ಮುಖ ಮಾಡಿ ಕೂತು, ಕೇಳೋದು ಕೇಳು, ನನಗ ಕಿವಿ ಕೇಳ್ಸಂಗಿಲ್ಲ ಎಂದಳು. ಅವಳಷ್ಟು ಚುರುಕು ಕಿವಿ ನಮ್ಮ ಕೇರಿಯಲ್ಲಿ ಯಾರಿಗೂ ಇರಲಿಲ್ಲ.

"ನಮ್ಮ ಕಾರ್ಡು ಎಲ್ಲೈತೆ?" ಎಂದೆ.

ಅವನು ಯಾವ ಕಾರ್ಡು ಎಂದು ಕೇಳಲಿಲ್ಲ. ಮೇಜಿನ ಡ್ರಾಯರ್ ಎಳೆದು, ಪೇಪರಿನಲ್ಲಿ ಸುತ್ತಿದ್ದನ್ನು ತೆಗೆದು ನನ್ನ ಮುಂದಿಟ್ಟ. ಬಿಚ್ಚಿದೆ. ಹಸಿರು ಬೆನ್ನಿನ ಮೇಲೆ ನಮ್ಮ ಮನೆಯ ಮೂರು ಅಕ್ಷರ, ತಾಮ್ರದ ಬಣ್ಣದಲ್ಲಿ ಮಿಂಚುತ್ತಿದ್ದವು. ಕೊನೆಯ ಅಕ್ಷರದ ಕೆಳಗೆ ಕೊಕ್ಕೆ. ಸಂದೇಹವೇ ಇಲ್ಲ, ಅಪ್ಪನ ಕೈ.

ಅಷ್ಟಕ್ಕೇ ನಂಬಿದರೆ ನಾನು ನಮ್ಮ ಮನೆಯ ಮಗಳಲ್ಲ. ನನ್ನ ಕಣ್ಣೆದುರೇ ಇದನ್ನು ಹಾಕಿ ತೋರಿಸಬೇಕು ಎಂದೆ. ಅವನು ಅಂಗಡಿಯ ಕಂಪ್ಯೂಟರಿಗೆ ಅದನ್ನು ಹಾಕಿದ. ಆಟ ತೆರೆದದ್ದೇ ಪರದೆಯ ತುಂಬ ಸಾಸಿವೆ ಚೆಲ್ಲಿದ ಹಾಗೆ ಚುಕ್ಕೆ, ಅಡ್ಡಡ್ಡ ಪಟ್ಟೆ. ರಸ್ತೆಯೇ ಕಾಣದು. ಅದನ್ನು ತೆಗೆದು, ನಮಗೆ ಕಳಿಸಿದಂಥದ್ದೇ ಇನ್ನೊಂದು ಹಾಕಲು ಹೇಳಿದೆ. ಕಪಾಟಿನಿಂದ ಹೊಸ ಡಬ್ಬಿ ತೆಗೆದು, ಬಿಚ್ಚಿ ಹಾಕಿದ. ಕಾರು ಹೊರಟಿತು. ಕಪ್ಪೆಯಲ್ಲ, ಕಾರೇ. ತಿರುವಿನಲ್ಲಿ ಎಂಟು ಕಾರು ಒಟ್ಟಿಗೆ ಬಂದರೂ ಎಣ್ಣೆಯ ಮೇಲೆ ಜಾರಿದ ಹಾಗೆ ಜಾರಿತು. ಈ ಕಂಪ್ಯೂಟರಿಗೆ ಹೊಸ ಪ್ರೊಸೆಸರ್ ಹಾಕಿದ್ದೇನೆ, ಅದಕ್ಕೇ ಹೀಗೆ ಎಂದ. ನನಗೆ ಸಾಕಾಗಿತ್ತು. ಕಾರ್ಡೂ ಖೋಟಾ ಅಲ್ಲ, ಹುಡುಗನೂ ಅಲ್ಲ.

ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಸ್ಕ್ರೂ ಡ್ರೈವರನ್ನು ಬಟ್ಟೆಯಲ್ಲಿ ಒರೆಸತೊಡಗಿದ.

"ನಿಮ್ಮನೆಯೋರ ಕೈಯಿಂದ ಹಾಳಾತು ಅಂತ ಹೆಂಗೆ ಹೇಳದು? ವೀಳ್ಯ ಆದ್ಮೇಲೆ ಅಂಥ ಮಾತು ಎತ್ತಬಾರ್ದಲ್ಲ. ಬೇರೆ ಕಳ್ಸಿದ್ರೆ ಮುಗೀತು ಅಂದ್ಕಂಡೆ." ಆಮೇಲೆ ನನ್ನ ಮುಖ ನೋಡದೆ ಹೇಳಿದ. "ಅದೊಂದೇ ಅಲ್ಲ. ನನ್ನ ನಂಬ್ದೆ ಗುರುತು ಹಾಕಿದ್ದು ನೀವೇ ಏನೋ ಅಂತ ನಂಗೆ ಅನುಮಾನ ಇತ್ತು. ಕೇಳಿದ್ರೆ ಹೌದು ಅಂದ್ಬಿಡ್ತೀರೇನೋ ಅಂತ ಹೆದ್ರಿಕೆ."

ಅಲ್ಲಿಯ ತನಕ ಅನುಮಾನ ಪಡುವುದು ನಮ್ಮ ಮನೆಯ ಸ್ವತ್ತು ಎಂದುಕೊಂಡಿದ್ದೆ. ಇವನೂ ಒಂದು ವಾರದಿಂದ ನನ್ನ ಹಾಗೇ ನಿದ್ದೆಗೆಟ್ಟಿದ್ದ, ನನ್ನ ಬಗ್ಗೆಯೇ. ಪಾಪ ಎನ್ನಿಸಿತು, ಮರುಗಳಿಗೆಗೆ ಸಿಟ್ಟು ನೆತ್ತಿಗೇರಿತು. ಇವನ ಈ ಮರ್ಯಾದೆಯಿಂದ ಸೋಮವಾರ ವೀಳ್ಯ ವಾಪಸ್ಸಾಗುತ್ತಿತ್ತಲ್ಲ.

"ಗುರುತು ನಾನು ಹಾಕಿಲ್ಲ," ಎಂದೆ. "ಆದ್ರ ಅನುಮಾನ ಪಟ್ಟೀನಿ. ಮುಂದನೂ ಪಡ್ತೀನಿ, ಅದು ನನ್ನ ಕೈಯಾಗ ಇಲ್ಲ. ನೀವು ಮಾತ್ರ ಹಿಂಗ ಮುಚ್ಚಿಡಬ್ಯಾಡ್ರಿ. ಹಾಳಾಗಿದ್ರ ಹಾಳಾಗೈತೆ ಅನ್ರಿ. ಇಲ್ಲಾಂದ್ರ ನನ್ ಜೊತಿಗೆ ಬಾಳೋದು ಕಷ್ಟ."

ಅವನು ಆಯ್ತು ಎಂದ. ಹೊರಗಿನಿಂದ ಅವ್ವ, ಮಾತು ಮುಗಿದಿದ್ದರೆ ಬಸ್ಸು ಬಂದಿದೆ ಎಂದು ಕೂಗಿದಳು. ಊರಿಗೆ ಹೋಗುವ ಬಸ್ಸಲ್ಲ, ಚಂದ್ರಗುತ್ತಿಯದು. ಹರಕೆ ಎಂದು ಬಾಯಲ್ಲಿ ಆಡಿದ ಮೇಲೆ ಸುಳ್ಳಾಗಬಾರದು ಎಂದು ನನ್ನನ್ನು ಬೆಟ್ಟ ಹತ್ತಿಸಿಯೇ ಬಿಟ್ಟಳು. ಪೇಪರಿನ ಪೊಟ್ಟಣ ಎದೆಗೆ ಒತ್ತಿಕೊಂಡು ಹತ್ತಿದೆ.

ಮಾರನೆಯ ದಿನ ಅದನ್ನು ಅಪ್ಪನ ಗಲ್ಲಾದ ಮೇಲೆ ಬಿಚ್ಚಿಟ್ಟೆ. ಚುಕ್ಕೆ, ಪಟ್ಟೆ, ಡ್ರಾಯರು, ಎಲ್ಲ ಹೇಳಿದೆ. ಅಪ್ಪ ಕನ್ನಡಕ ಹಾಕಿಕೊಂಡರು. ಬೆರಳಿನಿಂದ ಅಕ್ಷರದ ಮೇಲೆ ಸವರಿದರು, ಕೊಕ್ಕೆಯ ಹತ್ತಿರ ನಿಲ್ಲಿಸಿದರು. ಈ ಕೊಕ್ಕೆಯನ್ನೂ ಯಾರೋ ನಕಲು ಮಾಡಿದ್ದಾರೆ ಎಂದು ಎಲ್ಲಿ ಅಂದುಬಿಡುತ್ತಾರೋ ಎಂದು ಅವರ ಬಾಯನ್ನೇ ನೋಡಿದೆ.

"ಅಕ್ಷರ ನಂದ," ಎಂದರು.

ಅಷ್ಟರಲ್ಲಿ ಯಾರೋ ಇಡ್ಲಿ ಪಾತ್ರೆ ಕೇಳಿಕೊಂಡು ಬಂದರು. ಅಪ್ಪ ಎದ್ದು ತೋರಿಸಿದರು. ಅವರು ಹೆಸರು ಹಾಕಿಕೊಡಿ ಎಂದಾಗ ಮಷಿನ್ ಎತ್ತಿಕೊಂಡರು, ಸ್ವಿಚ್ ಒತ್ತುವ ಮೊದಲು ಸುಮ್ಮನೆ ಅದರ ಸೂಜಿಯನ್ನು ನೋಡಿದರು. ಗಿರಾಕಿ ಹೋದ ಮೇಲೆ, ನಿಮ್ಮ ಮಾವನಿಗೆ ಫೋನ್ ಮಾಡು, ಸೋಮವಾರ ಬರುವುದು ಬೇಡ ಎಂದರು. ತಪ್ಪಾಯಿತು ಎಂಬ ಮಾತು ಅವರ ಬಾಯಲ್ಲಿ ನಾನು ಹುಟ್ಟಿದ ಮೇಲೆ ಕೇಳಿಲ್ಲ, ಅಂದೂ ಕೇಳಲಿಲ್ಲ. ಇನ್ನೊಂದು ಮಾತು ಮಾತ್ರ ಹೇಳಿದರು. ಆ ಹುಡುಗ ಬಸವ ಜಯಂತಿಯ ದಿನ ಯಾವ ಜೋಡಿ ಹೇಳಿದ್ದನೋ ಅದನ್ನೇ ಕಳಿಸಲಿ, ಬದಲಿಗೆ ಕಳಿಸಿದ ದೊಡ್ಡದನ್ನು ಹಿಂದಕ್ಕೆ ತೆಗೆದುಕೊಳ್ಳಲಿ, ಹಾಳಾದದ್ದು ನನ್ನ ಲೆಕ್ಕಕ್ಕೆ.

ಸಣ್ಣ ಕಾರ್ಡೂ ನಮ್ಮ ಕಂಪ್ಯೂಟರಿಗೆ ಹೊಂದುವಂಥ ಪ್ರೊಸೆಸರೂ ಬಂದವು. ರಸ್ತೆ ಅಷ್ಟೊಂದು ಹೊಳೆಯುತ್ತಿರಲಿಲ್ಲ, ಮೋಡದ ನೆರಳೂ ಇರಲಿಲ್ಲ, ಆದರೆ ಕಾರು ಓಡಿತು. ಮದುವೆಯ ಹಿಂದಿನ ದಿನ, ಕೈಯ ಮದರಂಗಿ ಒಣಗಿದ ಮೇಲೆ, ಕೊನೆಯ ಸಲ ತಮ್ಮನನ್ನು ಸೋಲಿಸಿದೆ.

ಮದುವೆಯಾಗಿ ಹೊಸಬಾಳೆಗೆ ಹೋದೆ. ತವರಿನಿಂದ ಮಗಳಿಗೆ ಕೊಟ್ಟ ಪಾತ್ರೆಗಳನ್ನು ಗಂಡನ ಮನೆಯ ಹೆಂಗಸರು ಒಟ್ಟಿಗೆ ಕೂತು ಬಿಚ್ಚಿ ನೋಡುವುದು ಪದ್ಧತಿ. ಕಂಠದ ಕೆಳಗಿನ ಹೆಸರು ಓದಿ, ಇಂಥವರ ಮಗಳು ತಂದದ್ದು ಎಂದು ಒಳಗೆ ಜೋಡಿಸುತ್ತಾರೆ. ಪಾತ್ರೆ ಅಂಗಡಿಯವರ ಮಗಳೆಂದು ಎಲ್ಲರಿಗೂ ಕುತೂಹಲ ಹೆಚ್ಚು. ಅತ್ತೆ ಒಂದು ಕೊಳಗ ಎತ್ತಿ ತಿರುಗಿಸಿದರು. ಮತ್ತೆ ತಿರುಗಿಸಿದರು.

"ಎಂತಕ್ಕೆ ಹೆಸರು ಹಾಕ್ಸಿಲ್ಲ?" ಎಂದರು. "ನಿಮ್ಮಪ್ಪ ಮರೆತ್ರೇನು?"

ಅಪ್ಪ ಹೆಸರು ಹಾಕುವುದನ್ನು ಮರೆಯುವುದೆಂದರೆ ಊಟ ಮಾಡುವುದನ್ನು ಮರೆತ ಹಾಗೆ. ನಾನು ನಂಬಲಿಲ್ಲ. ಕೊಳಗ ಕಸಿದುಕೊಂಡು ನೋಡಿದೆ. ತಂಬಿಗೆ ನೋಡಿದೆ, ಪರಾತ ನೋಡಿದೆ, ಬೋಗುಣಿ, ಸೌಟು, ಲೋಟ, ಒಂದೊಂದನ್ನೂ ಬೆಳಕಿಗೆ ಹಿಡಿದು ಕಂಠ, ಅಂಚು, ತಳ ಎಲ್ಲ ಹುಡುಕಿದೆ. ಉಪ್ಪಿನಕಾಯಿ ಚಮಚದ ತನಕ ಒಂದರ ಮೇಲೂ ಒಂದು ಗೆರೆ ಇರಲಿಲ್ಲ. ಎಲ್ಲ ನುಣ್ಣಗೆ, ನನ್ನ ಮುಖ ಕಾಣುವಷ್ಟು.

ಪಾತ್ರೆಗಳ ನಡುವೆ ಕೂತು ಜೋರಾಗಿ ಅತ್ತುಬಿಟ್ಟೆ. ಹೊಸ ಸೊಸೆಗೆ ತವರು ನೆನಪಾಯಿತು ಎಂದು ಅತ್ತೆ ನನ್ನ ಬೆನ್ನು ಸವರಿದರು. ಅದೂ ಸುಳ್ಳೇನಲ್ಲ.